ವ್ಯಾಕ್ಸಿಂಗ್‌ಗೆ, ಫೇಷಿಯಲ್‌ಗೆ ಯಾವ ಗ್ಲೌಸ್ ತಗೋಬೇಕು? ಪಾರ್ಲರ್ ನಡೆಸೋರಿಗೆ ಒಂದಿಷ್ಟು ಮಾತು

ಮನೇಲೇ ಪಾರ್ಲರ್ ಶುರು ಮಾಡ್ತಿರೋ ಹುಡುಗೀರು ನನ್ನ ಹತ್ರ ಕೇಳೋದೆಲ್ಲ ಅಕ್ಕ ಯಾವ ವ್ಯಾಕ್ಸ್ ಚೆನ್ನಾಗಿದೆ, ಹೀಟರ್ ಯಾವ್ದು ತಗೊಳ್ಲಿ, ಬೆಡ್ ಎಷ್ಟು ಎತ್ತರ ಇರಬೇಕು ಅಂತ, ಗ್ಲೌಸ್ ಬಗ್ಗೆ ಮಾತ್ರ ಒಬ್ರೂ ಕೇಳಲ್ಲ. ಪಕ್ಕದ ಮೆಡಿಕಲ್ ಶಾಪಲ್ಲಿ ಏನ್ ಕೊಡ್ತಾರೋ ಅದು, ಇಲ್ಲಾಂದ್ರೆ ಹೇರ್ ಡೈ ಬಾಕ್ಸ್ ಒಳಗೆ ಬರತ್ತಲ್ಲ ಆ ತೆಳ್ಳನೆ ಪ್ಲಾಸ್ಟಿಕ್ ಕವರ್ ಥರದ್ದು. ನಾನೂ ಹಾಗೇ ಮಾಡಿದ್ದೆ. ಶುರುವಿನ ಎರಡು ವರ್ಷ ಪೌಡರ್ ಇರೋ ಲ್ಯಾಟೆಕ್ಸ್ ಗ್ಲೌಸ್ ಹಾಕ್ಕೊಂಡು ಕೆಲಸ ಮಾಡ್ದೆ, ಬೆರಳ ಸಂದಿ ಕೆಂಪಾಗೋದು, ತುರಿಕೆ, ಆಮೇಲೆ ಚರ್ಮ ಬಿರಿದು ನೀರು ತಾಗಿದ್ರೂ ಉರಿ. ವ್ಯಾಕ್ಸಿಂದ ಅನ್ಕೊಂಡು ವ್ಯಾಕ್ಸ್ ಬದಲಾಯಿಸ್ದೆ, ಸೋಪಿಂದ ಅನ್ಕೊಂಡು ಸೋಪ್ ಬದಲಾಯಿಸ್ದೆ, ಕೊನೆಗೆ ಚರ್ಮದ ಡಾಕ್ಟ್ರು ಬೆನ್ನ ಮೇಲೆ ಪ್ಯಾಚ್ ಟೆಸ್ಟ್ ಮಾಡಿ ಹೇಳಿದ್ರು, ನಿಮಗೆ ಆಗಿ ಬರ್ದೇ ಇರೋದು ಗ್ಲೌಸೇ, ರಬ್ಬರ್ ಗಟ್ಟಿ ಮಾಡೋಕೆ ಹಾಕೋ ಕೆಮಿಕಲ್‌ಗೆ ಅಲರ್ಜಿ ಅಂತ. ಕೈ ಕಾಪಾಡ್ಲಿ ಅಂತ ಹಾಕ್ಕೊಂಡಿದ್ದೇ ಕೈ ಹಾಳು ಮಾಡ್ತಿತ್ತು. ನಮ್ಮ ಕೆಲಸದಲ್ಲಿ ಕೈಯೇ ಬಂಡವಾಳ, ಅದು ಹೋದ್ರೆ ಎಷ್ಟು ಒಳ್ಳೆ ಹೀಟರ್ ಇದ್ರೂ ಏನ್ ಪ್ರಯೋಜನ.

ಇನ್ನೊಂದು ವಿಷಯ ಗೊತ್ತಾ, ಆಪರೇಷನ್ ಥಿಯೇಟರ್‌ಗೆ ರಬ್ಬರ್ ಗ್ಲೌಸ್ ಬಂದಿದ್ದರ ಹಿಂದೆ ಇರೋದೂ ಕೆಲಸ ಮಾಡೋಳ ಕೈಯೇ. 1890ರ ಆಸುಪಾಸಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೇಲಿ ಕ್ಯಾರೊಲೈನ್ ಹ್ಯಾಂಪ್ಟನ್ ಅನ್ನೋ ನರ್ಸ್‌ಗೆ ಕ್ರಿಮಿನಾಶಕ ದ್ರಾವಣದಿಂದ ಕೈಯೆಲ್ಲ ಗಾಯ ಆಗ್ತಿತ್ತು, ಅಲ್ಲಿನ ಸರ್ಜನ್ ಹಾಲ್ಸ್ಟೆಡ್ ಗುಡ್‌ಇಯರ್ ಕಂಪನಿಗೆ ಹೇಳಿ ತೆಳು ರಬ್ಬರ್ ಗ್ಲೌಸ್ ಮಾಡಿಸಿಕೊಟ್ರು. ಸೋಂಕು ತಡೆಯೋಕೆ ಅಂತ ಎಲ್ಲರೂ ಹಾಕ್ಕೊಳ್ಳೋಕೆ ಶುರು ಮಾಡಿದ್ದು ಆಮೇಲೆ.

ಸರಿ, ಅಂಗಡೀಲಿ ಸಿಗೋದು ಮುಖ್ಯವಾಗಿ ನಾಲ್ಕು ಥರ.

ಪಾಲಿಥೀನ್, ಅದೇ ಡೈ ಬಾಕ್ಸಲ್ಲಿ ಬರೋದು. ಇದು ವ್ಯಾಕ್ಸಿಂಗ್‌ಗೆ ಬೇಡವೇ ಬೇಡ, ಜೋಲು ಜೋಲು ಇರತ್ತೆ, ಸೀಮ್ ಹತ್ರ ಬಿಟ್ಕೊಳ್ಳತ್ತೆ. ಮೆಹಂದಿ ಕಲಸೋಕೆ ಇಟ್ಕೊಳ್ಳಿ ಸಾಕು.

ವಿನೈಲ್ ಅಂದ್ರೆ ಪಿವಿಸಿ. ಅಗ್ಗ, ಲ್ಯಾಟೆಕ್ಸ್ ಇರಲ್ಲ, ಆದ್ರೆ ಹಿಗ್ಗಲ್ಲ, ಬೆರಳ ತುದೀಲಿ ಒಂದು ಚೂರು ಖಾಲಿ ಜಾಗ ಉಳಿದೇ ಉಳಿಯತ್ತೆ, ಆ ಖಾಲಿ ತುದಿ ವ್ಯಾಕ್ಸಿಗೆ ಅಂಟ್ಕೊಂಡು ಸ್ಟ್ರಿಪ್ ಎಳೆಯುವಾಗ ಗ್ಲೌಸೂ ಜೊತೆಗೆ ಬರತ್ತೆ. ಎಳೆತ ಬಿದ್ರೆ ಬೇಗ ಹರಿಯತ್ತೆ. ಕ್ಲೀನಪ್‌ಗೆ, ಫೇಸ್ ಪ್ಯಾಕ್ ಹಚ್ಚೋಕೆ, ಹೀಗೆ ಐದು ಹತ್ತು ನಿಮಿಷದ ಕೆಲಸಕ್ಕೆ ಪರವಾಗಿಲ್ಲ.

ಲ್ಯಾಟೆಕ್ಸ್ ರಬ್ಬರ್ ಮರದ ಹಾಲಿಂದ ಮಾಡಿದ್ದು, ನಮ್ಮ ಸುಳ್ಯ, ಪುತ್ತೂರು ಕಡೆ ತೋಟದಲ್ಲಿ ಚಿಪ್ಪು ಕಟ್ಟಿ ಇಳಿಸ್ತಾರಲ್ಲ ಅದೇ ಹಾಲು. ಕೈಗೆ ಕೂರೋದ್ರಲ್ಲಿ ಇದನ್ನ ಮೀರಿಸಿದ್ದಿಲ್ಲ, ಹಾಕ್ಕೊಂಡಿದೀನಿ ಅಂತಾನೇ ಗೊತ್ತಾಗಲ್ಲ. ಆದ್ರೆ ನಮ್ಮ ಕೆಲಸಕ್ಕೆ ಎರಡು ದೊಡ್ಡ ತೊಂದ್ರೆ ಇದೆ. ಒಂದು, ಎಣ್ಣೆ ತಾಗಿದ್ರೆ ಲ್ಯಾಟೆಕ್ಸ್ ಶಕ್ತಿ ಕಳ್ಕೊಳ್ಳತ್ತೆ, ತೆಂಗಿನೆಣ್ಣೆ ಇರ್ಲಿ, ವ್ಯಾಸಲೀನ್ ಇರ್ಲಿ, ವ್ಯಾಕ್ಸ್ ಆದ್ಮೇಲೆ ಅಂಟು ತೆಗೆಯೋ ಎಣ್ಣೆ ಇರ್ಲಿ, ಕೆಲವೇ ನಿಮಿಷದಲ್ಲಿ ಮೆತ್ತಗಾಗಿ ಕಣ್ಣಿಗೆ ಕಾಣದ ತೂತು ಬೀಳೋಕೆ ಶುರು. ವ್ಯಾಕ್ಸಿಂಗಲ್ಲಿ ಎಣ್ಣೆ ಮುಟ್ಟದೆ ಕೆಲಸ ಮುಗಿಯತ್ತಾ? ಎರಡನೇದು ಅಲರ್ಜಿ, ಅದು ನಿಮಗಷ್ಟೇ ಅಲ್ಲ, ಮಲಗಿರೋ ಕಸ್ಟಮರ್‌ಗೂ ಬರಬಹುದು. ನನಗೆ ಬಂದಿದ್ದು ನಿಧಾನವಾಗಿ ಒಂದೆರಡು ದಿನ ಬಿಟ್ಟು ತುರಿಸೋ ಥರದ್ದು. ಇನ್ನೊಂದು ಥರ ಇದೆ, ರಬ್ಬರ್ ಹಾಲಲ್ಲಿರೋ ಪ್ರೋಟೀನಿಗೆ ಆಗೋದು, ಅದು ನಿಮಿಷಗಳಲ್ಲೇ ದದ್ದು, ತುಟಿ ಊತ, ಉಸಿರಾಟದ ತೊಂದ್ರೆವರೆಗೂ ಹೋಗಬಹುದು, ಅಂಥ ಟೈಮಲ್ಲಿ ಪಾರ್ಲರಲ್ಲಿ ಕೂರಿಸ್ಕೊಂಡು ನೀರು ಕುಡಿಸ್ತಾ ಇರಬಾರದು, ತಕ್ಷಣ ಆಸ್ಪತ್ರೆಗೆ ಕರ್ಕೊಂಡು ಹೋಗಬೇಕು. ಹಾಗಾಗಿ ಹೊಸ ಕಸ್ಟಮರ್ ಬಂದಾಗ ನಾನು ಮೊದ್ಲೇ ಕೇಳ್ತೀನಿ, ಬಲೂನ್ ಊದಿದಾಗ ತುಟಿ ತುರಿಸಿದ್ದಿದೆಯಾ, ಬಾಳೆಹಣ್ಣು, ಕಿವಿ ಹಣ್ಣು, ಬೆಣ್ಣೆಹಣ್ಣು ತಿಂದ್ರೆ ಬಾಯಿ ಕಡಿಯತ್ತಾ, ಚಿಕ್ಕಂದಿನಿಂದ ತುಂಬಾ ಆಪರೇಷನ್ ಆಗಿದೆಯಾ ಅಂತ. ಗ್ಲೌಸಿಗೂ ಬಾಳೆಹಣ್ಣಿಗೂ ಏನ್ ಸಂಬಂಧ ಅಂತ ನಗ್ತಾರೆ, ಆದ್ರೆ ಸಂಬಂಧ ಇದೆ, ಆ ಹಣ್ಣುಗಳಲ್ಲಿರೋ ಕೆಲವು ಪ್ರೋಟೀನು ಲ್ಯಾಟೆಕ್ಸಲ್ಲಿರೋದನ್ನ ಹೋಲತ್ತೆ, ಅದಕ್ಕೆ ಲ್ಯಾಟೆಕ್ಸ್ ಅಲರ್ಜಿ ಇರೋ ಎಷ್ಟೋ ಜನಕ್ಕೆ ಈ ಹಣ್ಣುಗಳೂ ಆಗಲ್ಲ.

ಇನ್ನುಳಿದಿದ್ದು ನೈಟ್ರೈಲ್. ಇದೂ ರಬ್ಬರೇ, ಆದ್ರೆ ಫ್ಯಾಕ್ಟರೀಲಿ ಕೆಮಿಕಲಿಂದ ಮಾಡಿದ್ದು, ಮರದ ಪ್ರೋಟೀನ್ ಇರಲ್ಲ, ಎಣ್ಣೆ ತಡ್ಕೊಳ್ಳತ್ತೆ, ಹಿಗ್ಗತ್ತೆ, ಕೈ ಬಿಸಿಗೆ ಹೊಂದ್ಕೊಂಡು ಕೂರತ್ತೆ, ತೂತಾದ್ರೆ ಸರಕ್ಕಂತ ದೊಡ್ಡದಾಗಿ ಹರಿದು ಕಣ್ಣಿಗೆ ಕಾಣತ್ತೆ ಅನ್ನೋದೂ ನನ್ನ ಪ್ರಕಾರ ಒಳ್ಳೇದೇ. ಒಂದೇ ಥರ ಇಟ್ಕೊಳ್ಳೋಕೆ ಆಗೋದು ಅಂದ್ರೆ ಪೌಡರ್ ಇಲ್ಲದ ನೈಟ್ರೈಲ್ ಇಟ್ಕೊಳ್ಳಿ, ಇದ್ರಲ್ಲಿ ನನಗೆ ಎರಡು ಮಾತಿಲ್ಲ. ಆದ್ರೆ ನೈಟ್ರೈಲ್ ಹಾಕಿದ್ರೆ ಅಲರ್ಜಿನೇ ಬರಲ್ಲ ಅನ್ನೋದು ತಪ್ಪು. ನನ್ನ ಕೈಗೆ ಆಗದೇ ಇದ್ದ ಆ ಗಟ್ಟಿ ಮಾಡೋ ಕೆಮಿಕಲ್ ಇದೆಯಲ್ಲ, ಆಕ್ಸಿಲರೇಟರ್ ಅಂತಾರೆ, ಅದು ಮಾಮೂಲಿ ನೈಟ್ರೈಲಲ್ಲೂ ಇರತ್ತೆ. ನೈಟ್ರೈಲ್‌ಗೆ ಬದಲಾದ್ಮೇಲೂ ತುರಿಕೆ ನಿಲ್ಲದೇ ಇದ್ರೆ ಬಾಕ್ಸ್ ಮೇಲೆ ಆಕ್ಸಿಲರೇಟರ್ ಫ್ರೀ ಅಂತ ಇರೋದನ್ನ ಹುಡುಕಿ ತಗೊಳ್ಳಿ, ಬೆಲೆ ಸ್ವಲ್ಪ ಜಾಸ್ತಿ, ನಾನು ಈಗ ಅದನ್ನೇ ಹಾಕೋದು, ಕೈ ಮೊದಲಿನ ಹಾಗೆ ಆಗಿದೆ.

ನೈಟ್ರೈಲ್ ಸೋಲೋದು ಅಸಿಟೋನ್ ಮುಂದೆ. ನೇಲ್ ಪಾಲಿಶ್ ರಿಮೂವರ್, ಜೆಲ್ ತೆಗೆಯೋ ದ್ರಾವಣ ಬಿದ್ರೆ ಊದ್ಕೊಂಡು ಬಲ ಕಳ್ಕೊಳ್ಳತ್ತೆ, ಬಿದ್ದ ತಕ್ಷಣ ಬದಲಾಯಿಸಿ.

ಆನ್‌ಲೈನಲ್ಲಿ ನೈಟ್ರೈಲ್ ಅಂತ ದೊಡ್ಡದಾಗಿ ಬರೆದು ಕೆಳಗೆ ಸಣ್ಣಕ್ಷರದಲ್ಲಿ ವಿನೈಲ್ ಬ್ಲೆಂಡ್ ಅಂತ ಹಾಕಿರ್ತಾರೆ, ಅದನ್ನ ಓದ್ದೇ ದುಡ್ಡು ಹಾಕ್ಬೇಡಿ. ಕೈಗೆ ಬಂದ್ಮೇಲೆ ತೋರುಬೆರಳ ಭಾಗ ಹಿಡಿದು ಎಳೆದು ನೋಡಿ, ಒಳ್ಳೆ ನೈಟ್ರೈಲ್ ಉದ್ದಕ್ಕೆ ಹಿಗ್ಗಿ ವಾಪಸ್ ಮೊದಲಿನ ಆಕಾರಕ್ಕೆ ಬರತ್ತೆ, ಬೆರಕೆದು ಹೆಚ್ಚು ಹಿಗ್ಗಲ್ಲ, ಇಲ್ಲಾಂದ್ರೆ ಎಳೆದ ಹಾಗೇ ಉಳ್ಕೊಳ್ಳತ್ತೆ. ಬಾಕ್ಸ್ ಇಲ್ದೆ ಬರೀ ಪ್ಲಾಸ್ಟಿಕ್ ಕವರಲ್ಲಿ ತುಂಬಿ ಕೆಜಿ ಲೆಕ್ಕದಲ್ಲಿ ಮಾರೋದನ್ನಂತೂ ಮುಟ್ಲೇಬೇಡಿ. ಕೋವಿಡ್ ಟೈಮಲ್ಲಿ ಥಾಯ್ಲೆಂಡಲ್ಲಿ ಬಳಸಿ ಬಿಸಾಕಿದ ಗ್ಲೌಸ್ ತೊಳೆದು ಹೊಸ ಬಾಕ್ಸಿಗೆ ತುಂಬ್ತಿದ್ದಿದ್ದು ಸಿಕ್ಕಿಬಿದ್ದಿತ್ತು, ಕಲೆ, ಮುದುರಿದ ಗುರುತು, ಬೆರಳುಗಳು ಒಂದೊಂದು ಸೈಜು, ಹೀಗೇನಾದ್ರೂ ಕಂಡ್ರೆ ಅನುಮಾನ ಪಡಿ.

ಪೌಡರ್ ವಿಷಯ. ಒಳಗಡೆ ಇರೋ ಬಿಳಿ ಪುಡಿ ಸಾಮಾನ್ಯವಾಗಿ ಮೆಕ್ಕೆಜೋಳದ ಗಂಜಿ ಪುಡಿ, ಸುಲಭವಾಗಿ ಜಾರ್ಲಿ ಅಂತ ಹಾಕ್ತಾರೆ. ಲ್ಯಾಟೆಕ್ಸಿನ ಪ್ರೋಟೀನ್ ಆ ಪುಡಿಗೆ ಅಂಟ್ಕೊಂಡು ಗಾಳೀಲಿ ಹಾರಿ ಉಸಿರಿಗೆ ಹೋಗತ್ತೆ, ಅದಕ್ಕೇ ಅಮೆರಿಕದಲ್ಲಿ 2017ರ ಜನವರಿಯಿಂದ ಪೌಡರ್ ಇರೋ ವೈದ್ಯಕೀಯ ಗ್ಲೌಸನ್ನ ನಿಷೇಧ ಮಾಡಿದಾರೆ. ನಮ್ಮಲ್ಲಿ ಈಗ್ಲೂ ಸಿಗತ್ತೆ, ಅಗ್ಗ ಅಂತ ಕೊಡ್ತಾರೆ. ಆಗ ತಾನೇ ಕೂದ್ಲು ಕಿತ್ತಿರೋ ಚರ್ಮದ ರಂಧ್ರ ಎಲ್ಲ ತೆರೆದಿರೋವಾಗ ಅದ್ರ ಮೇಲೆ ಈ ಪುಡಿ ಯಾಕೆ ಬೇಕು.

ಇನ್ನು ದಪ್ಪ. ಇದನ್ನ ಮಿಲ್ ಲೆಕ್ಕದಲ್ಲಿ ಹೇಳ್ತಾರೆ, ಒಂದು ಮಿಲ್ ಅಂದ್ರೆ ಇಂಚಿನ ಸಾವಿರದ ಒಂದು ಭಾಗ, 4 ಮಿಲ್ ಅಂದ್ರೆ ಸುಮಾರು 0.1 ಮಿ.ಮೀ. ವ್ಯಾಕ್ಸಿಂಗ್‌ಗೆ 4ರಿಂದ 5 ಮಿಲ್, ಬೆರಳ ತುದಿ ಸ್ವಲ್ಪ ತರಿತರಿ ಇರೋದು ಬೇಕು, ಅದ್ರಲ್ಲೂ ಸ್ಟ್ರಿಪ್ ಇಲ್ದೆ ಹಾರ್ಡ್ ವ್ಯಾಕ್ಸ್ ಮಾಡೋರು ಅಂಚು ಎಬ್ಬಿಸಿ ಹಿಡಿದು ಎಳೀಬೇಕಲ್ಲ, ನುಣುಪು ಗ್ಲೌಸಲ್ಲಿ ಅದು ಕೈಗೇ ಸಿಗಲ್ಲ. ಫೇಷಿಯಲ್ಲಿಗೆ ಉಲ್ಟಾ, 3 ಮಿಲ್ ಹತ್ರದ್ದು, ನುಣುಪಾಗಿರೋದು, ಮುಖದ ಮೇಲೆ ತರಿ ತಾಗಿದ್ರೆ ಯಾರಿಗೂ ಹಿತ ಅನ್ಸಲ್ಲ. ದಪ್ಪ ಗ್ಲೌಸ್ ಹಾಕಿದೀನಿ ಬಿಸಿ ತಾಗಲ್ಲ ಅಂತ ಅನ್ಕೋಬೇಡಿ, ಬಿಸಿ ತಡೆಯೋಕೆ ಇವು ಮಾಡಿದ್ದೇ ಅಲ್ಲ. ಹೀಟರಿಂದ ತೆಗೆದ ವ್ಯಾಕ್ಸನ್ನ ಗ್ಲೌಸಿನ ಮೇಲೆ ಹಾಕಿ ನೋಡೋ ಬದ್ಲು ಗ್ಲೌಸ್ ಅಂಚಿಗಿಂತ ಮೇಲಿರೋ ನಿಮ್ಮ ಬರಿ ಮಣಿಕಟ್ಟಿನ ಒಳಭಾಗಕ್ಕೆ ಒಂಚೂರು ಹಚ್ಚಿ ನೋಡಿ.

ಎಲ್ಲಕ್ಕಿಂತ ಜಾಸ್ತಿ ಜನ ತಪ್ಪು ಮಾಡೋದು ಸೈಜಲ್ಲಿ. ಪಾರ್ಲರಲ್ಲಿ ಮೂರು ಜನ ಇದ್ರೆ ಮೂರು ಜನಕ್ಕೂ ಒಂದೇ ಮೀಡಿಯಂ ಬಾಕ್ಸು. ಗ್ಲೌಸನ್ನ ಟೇಬಲ್ ಮೇಲೆ ಚಪ್ಪಟೆ ಇಟ್ಟು ಅಂಗೈ ಜಾಗದ ಅಗಲ ಅಳೆದ್ರೆ ಸ್ಮಾಲ್ ಸುಮಾರು 8 ಸೆಂ.ಮೀ., ಮೀಡಿಯಂ 9.5, ಲಾರ್ಜ್ 11ರ ಹತ್ರ ಬರತ್ತೆ, ಕಂಪನಿಯಿಂದ ಕಂಪನಿಗೆ ಸ್ವಲ್ಪ ಹೆಚ್ಚುಕಮ್ಮಿ. ಹಾಕ್ಕೊಂಡು ಮುಷ್ಟಿ ಕಟ್ಟಿ ನೋಡಿ, ಬೆರಳ ಬುಡದಲ್ಲಿ ಬಿಗಿದು ಬಿಳಿ ಬಂದ್ರೆ ಚಿಕ್ಕದು, ಒಂದು ಫುಲ್ ಲೆಗ್ಸ್ ಮುಗಿಯೋ ಹೊತ್ತಿಗೆ ಕೈ ಜೋಮು ಹಿಡಿಯತ್ತೆ. ಬೆರಳ ತುದಿ ಚಿವುಟಿದ್ರೆ ಗ್ಲೌಸ್ ಮಾತ್ರ ಕೈಗೆ ಬಂದ್ರೆ ದೊಡ್ಡದು. ಎರಡು ಸೈಜ್ ಮಧ್ಯೆ ಇದೀರಾ ಅಂದ್ರೆ ವ್ಯಾಕ್ಸಿಂಗ್‌ಗೆ ಚಿಕ್ಕದನ್ನ ತಗೊಳ್ಳಿ, ಇಡೀ ದಿನ ಬೆವರೋ ಕೈಯಾದ್ರೆ ದೊಡ್ಡದು. ರಾಯಚೂರು, ಕಲಬುರಗಿ ಕಡೆ ಏಪ್ರಿಲ್ ಮೇ ಬಿಸಿಲಲ್ಲಿ ಕೆಲಸ ಮಾಡೋರು ಗ್ಲೌಸ್ ಬಿಚ್ಚಿದಾಗೆಲ್ಲ ಕೈ ಪೂರ್ತಿ ಒರೆಸಿ ಒಣಗಿಸಿಯೇ ಮುಂದಿನದು ಹಾಕ್ಬೇಕು, ಒದ್ದೆ ಕೈಗೆ ಹಾಕಿದ್ರೆ ಅದೇ ಒಂದು ಚರ್ಮದ ಕಾಯಿಲೆ ತರತ್ತೆ.

ಬಣ್ಣ ಬರೀ ಚೆಂದಕ್ಕೆ ಅನ್ಸತ್ತೆ, ಅಲ್ಲ. ಈಗೀಗ ಎಲ್ರೂ ಕಪ್ಪು ಹಾಕ್ತಿದಾರೆ, ನೋಡೋಕೆ ಸ್ಟೈಲಾಗಿದೆ ನಿಜ, ಆದ್ರೆ ಕಪ್ಪು ಮೇಲೆ ರಕ್ತ ಕಾಣಲ್ಲ. ಅಂಡರ್ ಆರ್ಮ್ಸ್, ಬಿಕಿನಿ ವ್ಯಾಕ್ಸ್ ಮಾಡುವಾಗ ಕೂದಲ ಬುಡದಿಂದ ಚುಕ್ಕಿ ಚುಕ್ಕಿ ರಕ್ತ ಬರೋದು ಮಾಮೂಲು. ರಕ್ತದಿಂದ ಹರಡಿ ಲಿವರ್ ಕಾಯಿಲೆ ತರೋ ಹೆಪಟೈಟಿಸ್ ಬಿ ವೈರಸ್ ಒಣಗಿದ ರಕ್ತದಲ್ಲೂ ಕಡಿಮೆ ಅಂದ್ರೆ 7 ದಿನ ಬದುಕಿರತ್ತೆ. ರಕ್ತ ಕಂಡ್ರೆ ತಾನೇ ನೀವು ಗ್ಲೌಸ್ ಬದಲಾಯಿಸೋದು, ಅದಕ್ಕೆ ನಾನು ಬಿಳಿ ಇಲ್ಲಾಂದ್ರೆ ತಿಳಿ ನೀಲಿ ತರ್ತೀನಿ. ಈ ಕೆಲಸ ಮಾಡೋರು ಹೆಪಟೈಟಿಸ್ ಬಿ ಲಸಿಕೆ ಹಾಕಿಸ್ಕೊಳ್ಳಿ, ಗ್ಲೌಸ್ ಅದಕ್ಕೆ ಬದಲಿ ಅಲ್ಲ.

ಬಾಕ್ಸ್ ಮೇಲೆ ಎಕ್ಸಾಮಿನೇಷನ್ ಗ್ಲೌಸ್ (ಡಾಕ್ಟ್ರು ರೋಗಿಗಳನ್ನ ಪರೀಕ್ಷೆ ಮಾಡುವಾಗ ಹಾಕೋದು) ಅಂತ ಇದೆಯಾ, ಎಕ್ಯೂಎಲ್ ಎಷ್ಟು, ಎಕ್ಸ್‌ಪೈರಿ ಯಾವಾಗ, ಈ ಮೂರು ನೋಡಿ. ಎಕ್ಯೂಎಲ್ (AQL) ಅಂದ್ರೆ ತಯಾರಾದ ಗ್ಲೌಸಲ್ಲಿ ಶೇಕಡಾ ಎಷ್ಟರವರೆಗೆ ದೋಷ ಇದ್ರೆ ಒಪ್ಕೊಳ್ತಾರೆ ಅನ್ನೋ ಮಿತಿ, ಆ ಅಂಕಿ ಚಿಕ್ಕದಾದಷ್ಟೂ ಸೂಜಿ ತೂತಿನ ಗ್ಲೌಸ್ ಸಿಗೋ ಸಾಧ್ಯತೆ ಕಮ್ಮಿ, 1.5 ಇದ್ರೆ ಚೆನ್ನಾಗಿದೆ, 2.5 ನಡೆಯತ್ತೆ, 4 ಇದ್ರೆ ನಾನು ತಗೊಳ್ಳಲ್ಲ. ಮನೇಲೂ ನೋಡಬಹುದು, ಲ್ಯಾಬಲ್ಲಿ ಮಾಡೋದೂ ಇದನ್ನೇ, ಗ್ಲೌಸಿಗೆ ಒಂದು ಲೀಟರ್ ನೀರು ತುಂಬಿ ಎರಡು ನಿಮಿಷ ನೇತು ಹಾಕಿ, ಹನಿ ಒಸರಿದ್ರೆ ತೂತಿದೆ ಅಂತ. ಹೊಸ ಬಾಕ್ಸ್ ಒಡೆದಾಗ ಎರಡು ಮೂರು ಪೀಸ್ ಹೀಗೆ ನೋಡಿಬಿಡಿ.

ದುಡ್ಡಿನ ಲೆಕ್ಕ ಬಾಕ್ಸಿಗೆ ಹಾಕ್ಬೇಡಿ, ಒಂದು ಕಸ್ಟಮರ್‌ಗೆ ಎಷ್ಟು ಬೀಳತ್ತೆ ಅಂತ ಹಾಕಿ. ಉದಾಹರಣೆಗೆ 100 ಪೀಸಿನ ಬಾಕ್ಸ್ 300 ರೂಪಾಯಿ ಅನ್ಕೊಳ್ಳಿ, ಒಂದು ಜೊತೆಗೆ 6 ರೂಪಾಯಿ ಬೀಳತ್ತೆ, ಇನ್ನೊಂದು ಬಾಕ್ಸ್ 450, ಒಂದು ಜೊತೆಗೆ 9. ಅಗ್ಗದ್ದು ಒಂದು ಫುಲ್ ಲೆಗ್ಸಲ್ಲಿ ಎರಡು ಸಲ ಹರಿದ್ರೆ ಮೂರು ಜೊತೆ ಆಯ್ತು, 18 ರೂಪಾಯಿ, ಮಧ್ಯೆ ಕೆಲಸ ನಿಲ್ಸಿದ್ದು ಬೇರೆ, ಅಷ್ಟೊತ್ತಿಗೆ ವ್ಯಾಕ್ಸ್ ಆರಿರತ್ತೆ. ಕಾರ್ಟನ್ ತಗೊಳ್ಳೋಕೆ ಮುಂಚೆ ಒಂದೇ ಬಾಕ್ಸ್ ತಂದು ಒಂದು ವಾರ ಬಳಸಿ ನೋಡಿ. ನಾನು ತರೋದು ದೊಡ್ಡಾಸ್ಪತ್ರೆ ಹತ್ರ ಇರೋ ಸರ್ಜಿಕಲ್ ಅಂಗಡಿಯಿಂದ, ಕಾಸ್ಮೆಟಿಕ್ ಅಂಗಡಿಗಿಂತ ಅಲ್ಲಿ ಬಾಕ್ಸ್ ಮೇಲಿನ ವಿವರ ಸರಿಯಾಗಿರತ್ತೆ.

ಹಾಕೋವಾಗ ಉಗುರು ಕತ್ತರಿಸಿರ್ಲಿ, ಉಂಗುರ ತೆಗೆದಿಡಿ, ಕೈ ತೊಳೆದು ಒರೆಸಿ. ಸ್ಟ್ರಿಪ್ ತುದೀಲಿ ಒಂದು ಇಂಚು ವ್ಯಾಕ್ಸ್ ತಾಗದ ಜಾಗ ಬಿಟ್ಕೊಳ್ಳಿ, ಅಲ್ಲೇ ಹಿಡಿದು ಎಳೀರಿ, ಗ್ಲೌಸ್ ಅಂಟೋ ತೊಂದ್ರೆ ಅರ್ಧ ಅಲ್ಲೇ ಹೋಗತ್ತೆ. ಗ್ಲೌಸ್ ಕೈಯಲ್ಲೇ ಫೋನ್ ತೆಗೆಯೋದು, ಕೂದ್ಲು ಸರಿ ಮಾಡ್ಕೊಳ್ಳೋದು, ಡ್ರಾಯರ್ ಎಳೆಯೋದು, ಇದನ್ನ ನಾನು ಎಷ್ಟು ಪಾರ್ಲರಲ್ಲಿ ನೋಡಿದೀನೋ, ಆಗ ಗ್ಲೌಸ್ ಹಾಕಿದ್ದೂ ಒಂದೇ ಹಾಕದೇ ಇದ್ದಿದ್ದೂ ಒಂದೇ. ಬಿಕಿನಿ ಆದ್ಮೇಲೆ ಅದೇ ಗ್ಲೌಸಲ್ಲಿ ಮೇಲ್ದುಟಿಗೆ ಬರಬಾರದು. ಸ್ಯಾನಿಟೈಸರ್ ಹಚ್ಚಿ ಇಲ್ಲಾ ತೊಳೆದು ಮತ್ತೆ ಬಳಸೋದು ಬೇಡ, ಅದ್ರಿಂದ ಗ್ಲೌಸ್ ಹಾಳಾಗತ್ತೆ. ಬ್ಲ್ಯಾಕ್‌ಹೆಡ್ಸ್ ತೆಗೆಯೋವಾಗ, ಬ್ಲೀಚ್, ಪೀಲ್ ಹಚ್ಚೋವಾಗ ಗ್ಲೌಸ್ ಬೇಕೇಬೇಕು. ಕೈಲಿ ಗಾಯ ಇಲ್ಲ, ಅವರ ಮುಖದಲ್ಲಿ ಮೊಡವೆ ಒಡೆದಿಲ್ಲ ಅಂದ್ರೆ ಮಸಾಜನ್ನ ಚೆನ್ನಾಗಿ ತೊಳೆದ ಬರಿಗೈಲಿ ಮಾಡಿದ್ರೆ ತಪ್ಪೇನಿಲ್ಲ.

ಬಿಚ್ಚೋದು ಹೀಗೆ. ಒಂದು ಕೈಯ ಗ್ಲೌಸನ್ನ ಮಣಿಕಟ್ಟಿನ ಹತ್ರ ಹೊರಗಡೆಯಿಂದ ಹಿಡಿದು ಒಳಗಿನದು ಹೊರಗೆ ಬರೋ ಹಾಗೆ ಎಳೆದು ಇನ್ನೊಂದು ಕೈಯ ಮುಷ್ಟೀಲಿ ಹಿಡ್ಕೊಳ್ಳಿ, ಆಮೇಲೆ ಬರಿ ಬೆರಳನ್ನ ಎರಡನೇ ಗ್ಲೌಸಿನ ಒಳಗಡೆ ತೂರಿಸಿ ಅದನ್ನೂ ಹಾಗೇ ಮಗುಚಿ, ಮೊದಲನೇದು ಅದ್ರೊಳಗೆ ಸೇರ್ಕೊಂಡು ಗಂಟಾಗತ್ತೆ. ಆಮೇಲೆ ಸೋಪಲ್ಲಿ ಕೈ ತೊಳೀರಿ, ಗ್ಲೌಸ್ ಹಾಕಿದ್ದೆ ಅಂತ ಬಿಡ್ಬೇಡಿ.

ಬಾಕ್ಸನ್ನ ಕಿಟಕಿ ಹತ್ರ, ಹೀಟರ್ ಪಕ್ಕ, ಯುವಿ ಸ್ಟೆರಿಲೈಸರ್ ಮೇಲೆ ಇಡ್ಬೇಡಿ, ಬಿಸಿಗೂ ಬೆಳಕಿಗೂ ರಬ್ಬರ್ ಒಣಗಿ ಬಿರಿಯತ್ತೆ. ಬಳಸಿದ್ದನ್ನ ಒಣ ಕಸಕ್ಕೆ ಹಾಕಿದ್ರೆ ಅದನ್ನ ಬರಿಗೈಲಿ ವಿಂಗಡಿಸೋ ಪೌರಕಾರ್ಮಿಕರ ಕೈಗೆ ಹೋಗತ್ತೆ. ಬೆಂಗಳೂರಲ್ಲಿ ಪ್ಯಾಡು, ಡೈಪರ್ರಿಗೆ ಮಾಡೋ ಹಾಗೆ, ಗ್ಲೌಸು, ವ್ಯಾಕ್ಸ್ ಸ್ಟ್ರಿಪ್ಪು, ರಕ್ತದ ಹತ್ತಿ ಎಲ್ಲ ಸೇರಿಸಿ ಪೇಪರಲ್ಲಿ ಸುತ್ತಿ ಮೇಲೆ ಕೆಂಪು ಗುರುತು ಹಾಕಿ ಬೇರೆಯಾಗಿ ಕೊಡಿ, ಗಾಡಿ ಬಂದಾಗ ಇದು ಪಾರ್ಲರಿಂದು ಅಂತ ಬಾಯಲ್ಲೂ ಒಂದು ಮಾತು ಹೇಳಿ.