ಘಾಟಿ ಇಳಿಯುವ ಮೊದಲು ಬಾನೆಟ್ ಎತ್ತಿ ನೋಡಿ

ಡಿಕ್ಕಿಯಲ್ಲಿ ಸ್ಟೆಪ್ನಿ ಇದೆಯಲ್ಲ ಎಂಬ ಧೈರ್ಯದಲ್ಲೇ ಅವತ್ತು ಸಕಲೇಶಪುರ ದಾಟಿದ್ದೆ. ಗುಂಡ್ಯ ಇನ್ನೂ ದೂರ ಇರುವಾಗ ಹಿಂದಿನ ಟೈರ್ ಪಂಕ್ಚರ್ ಆಯಿತು. ಸಾಮಾನೆಲ್ಲ ರಸ್ತೆ ಬದಿಗೆ ಇಳಿಸಿ, ಜಾಕಿ ಏರಿಸಿ, ಬೆವರಿಳಿಸಿಕೊಂಡು ಸ್ಟೆಪ್ನಿ ಹಾಕಿದೆ. ಜಾಕಿ ಇಳಿಸಿದರೆ ಅದೂ ನೆಲಕ್ಕೆ ಚಪ್ಪಟೆ. ಗಾಡಿ ಕೊಂಡಾಗಿನಿಂದ ಅದಕ್ಕೆ ಒಮ್ಮೆಯೂ ಗಾಳಿ ಹಿಡಿಸಿರಲಿಲ್ಲ. ಮೊಬೈಲ್‌ಗೆ ನೆಟ್‌ವರ್ಕ್ ಇಲ್ಲ. ಹೆಂಡತಿ ಏನೂ ಬಯ್ಯಲಿಲ್ಲ, ಅದೇ ಜಾಸ್ತಿ ಕಷ್ಟವಾಯಿತು.

ದಾರಿಯಲ್ಲಿ ಗಾಡಿ ಕೈಕೊಟ್ಟಿತು ಅಂತೇವೆ. ಆದರೆ ಹೆಚ್ಚಿನ ಸಲ ಅದು ಮನೆ ಮುಂದೆ ನಿಂತಿದ್ದಾಗಲೇ ಸೂಚನೆ ಕೊಟ್ಟಿರುತ್ತದೆ. ನಾವು ನೋಡಿರುವುದಿಲ್ಲ, ಅಷ್ಟೆ.

ಬೆಂಗಳೂರಿನಿಂದ ಮಂಗಳೂರಿಗೆ ಶಿರಾಡಿ ಘಾಟಿ ಮೇಲೆ ಹೋಗುವ ದಾರಿಯನ್ನೇ ಇಟ್ಟುಕೊಳ್ಳೋಣ. ಸುಮಾರು 350 ಕಿ.ಮೀ. ಹೋಗುವಾಗ ಇಳಿಜಾರು, ಅಲ್ಲಿ ಬ್ರೇಕಿಗೆ ಪರೀಕ್ಷೆ. ಬರುವಾಗ ಏರು, ಅಲ್ಲಿ ಎಂಜಿನ್ ತಂಪಾಗಿಡುವ ವ್ಯವಸ್ಥೆಗೆ ಪರೀಕ್ಷೆ. ಊರೊಳಗೆ ಆಫೀಸಿಗೆ ಓಡಾಡುವಾಗ ಇವೆರಡರ ಬಂಡವಾಳವೂ ಬಯಲಾಗುವುದಿಲ್ಲ.

ಒಂದು ವಾರ ಮೊದಲು, ಹಿಂದಿನ ದಿನ ಅಲ್ಲ

ಹೊರಡುವ ಹಿಂದಿನ ದಿನ ಗಾಡಿಯನ್ನು ಸರ್ವಿಸ್‌ಗೆ ಬಿಡುವವರು ಬಹಳ ಜನ. ನನ್ನ ಪ್ರಕಾರ ಅದು ತಪ್ಪು. ಗ್ಯಾರೇಜಿನಲ್ಲಿ ಬಿಚ್ಚಿ ಹಾಕಿದ ಒಂದು ಬೋಲ್ಟ್ ಅಥವಾ ಪೈಪಿನ ಕ್ಲಿಪ್ ಸಡಿಲ ಉಳಿದಿದ್ದರೆ ಅದು ಗೊತ್ತಾಗುವುದು ಮುಂದಿನ ಐವತ್ತು, ನೂರು ಕಿ.ಮೀ. ಓಡಿದಾಗ. ಆ ಓಟ ಊರಲ್ಲೇ ಆಗಲಿ. ಟೈರೋ ಬ್ಯಾಟರಿಯೋ ಬದಲಾಯಿಸಬೇಕಾಗಿ ಬಂದರೂ ಆಗ ನಾಲ್ಕು ಅಂಗಡಿ ಕೇಳುವಷ್ಟು ಸಮಯ ಇರುತ್ತದೆ.

ಭಾನುವಾರ ಬೆಳಿಗ್ಗೆ, ಎಂಜಿನ್ ಇನ್ನೂ ತಣ್ಣಗಿರುವಾಗ, ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ಒಂದು ಹಳೇ ಬಟ್ಟೆ, ಟಾರ್ಚ್, ಗಾಳಿ ಅಳೆಯುವ ಗೇಜ್ ಇದ್ದರೆ ಸಾಕು. ಮುಕ್ಕಾಲು ಗಂಟೆಯ ಕೆಲಸ.

ಮೊದಲು ಟೈರ್, ಅದಕ್ಕೂ ಮೊದಲು ಸ್ಟೆಪ್ನಿ

ನನ್ನ ಕಥೆ ಕೇಳಿದಿರಲ್ಲ, ಹಾಗಾಗಿ ಡಿಕ್ಕಿಯಿಂದ ಶುರು ಮಾಡಿ. ಸ್ಟೆಪ್ನಿಗೆ ಉಳಿದ ಟೈರ್‌ಗಳಿಗಿಂತ ಎರಡು ಮೂರು ಪಿಎಸ್‌ಐ ಜಾಸ್ತಿಯೇ ಗಾಳಿ ಹಿಡಿಸಿಡಿ. ಬೇಕಾದಾಗ ಇಳಿಸಬಹುದು, ಕಾಡಿನ ನಡುವೆ ಏರಿಸಲಾಗದು. ಸ್ಟೆಪ್ನಿ ಸೈಜಿನಲ್ಲಿ ಚಿಕ್ಕದಿದ್ದರೆ ಅದರ ಮೇಲೆ ವೇಗದ ಮಿತಿ ಬರೆದಿರುತ್ತದೆ, ಸಾಮಾನ್ಯವಾಗಿ ಗಂಟೆಗೆ 80 ಕಿ.ಮೀ. ಕೆಲವು ಹೊಸ ಕಾರುಗಳಲ್ಲಿ ಸ್ಟೆಪ್ನಿಯೇ ಇಲ್ಲ, ಬದಲಿಗೆ ಪಂಕ್ಚರ್ ಕಿಟ್ ಕೊಟ್ಟಿರುತ್ತಾರೆ. ಅದರ ಡಬ್ಬಿಯಲ್ಲಿರುವ ದ್ರವಕ್ಕೂ ಎಕ್ಸ್‌ಪೈರಿ ದಿನಾಂಕ ಇದೆ, ನೋಡಿ.

ಅಂದಹಾಗೆ, ಈ ಸ್ಟೆಪ್ನಿ ಎಂಬ ಹೆಸರು ಬಂದದ್ದು ವೇಲ್ಸ್‌ನ ಲನೆಲಿ ಎಂಬ ಊರಿನ ಸ್ಟೆಪ್ನಿ ಬೀದಿಯಿಂದ. 1904ರ ಹೊತ್ತಿಗೆ ಅಲ್ಲಿ ಇಬ್ಬರು ಅಣ್ಣತಮ್ಮಂದಿರು ಹೆಚ್ಚುವರಿ ಚಕ್ರ ಮಾಡಿ ಮಾರಲು ಶುರು ಮಾಡಿದರು. ಆ ಹೆಸರು ನಮ್ಮ ಪಂಕ್ಚರ್ ಅಂಗಡಿಗಳಲ್ಲಿ ಇವತ್ತಿಗೂ ಗಟ್ಟಿಯಾಗಿ ಉಳಿದಿದೆ.

ಈಗ ನಾಲ್ಕು ಟೈರ್. ಎಷ್ಟು ಗಾಳಿ ಬೇಕು ಎಂದು ಡ್ರೈವರ್ ಬಾಗಿಲು ತೆಗೆದಾಗ ಕಾಣುವ ಸ್ಟಿಕ್ಕರ್‌ನಲ್ಲಿ ಬರೆದಿರುತ್ತದೆ. ಸಣ್ಣ ಕಾರುಗಳಿಗೆ ಸಾಮಾನ್ಯವಾಗಿ 30ರಿಂದ 35 ಪಿಎಸ್‌ಐ. ಐದು ಜನ ಮತ್ತು ಲಗೇಜು ಇದ್ದಾಗ ಎಷ್ಟಿರಬೇಕು ಎಂದು ಬೇರೆ ಅಂಕಿ ಇರುತ್ತದೆ, ಪ್ರವಾಸಕ್ಕೆ ಬೇಕಾದದ್ದು ಅದು. ತಣ್ಣಗಿರುವಾಗಲೇ ಅಳೆಯಬೇಕು. ನೂರು ಕಿ.ಮೀ. ಓಡಿಸಿ ಬಂಕಿನಲ್ಲಿ ನೋಡಿದರೆ ಜಾಸ್ತಿ ತೋರಿಸುತ್ತದೆ. ಅದನ್ನು ನೋಡಿ ಗಾಳಿ ಬಿಡಬೇಡಿ.

ಟೈರಿನ ಗೆರೆಗಳ ನಡುವೆ ಅಲ್ಲಲ್ಲಿ ಸಣ್ಣ ಉಬ್ಬು ಇರುತ್ತದೆ. ಟೈರ್ ಸವೆದು ಆ ಉಬ್ಬಿನ ಮಟ್ಟಕ್ಕೆ ಬಂದರೆ ಗೆರೆಯ ಆಳ 1.6 ಮಿ.ಮೀ.ಗೆ ಇಳಿದಿದೆ ಎಂದರ್ಥ. ಕಾನೂನಿನ ಪ್ರಕಾರ ಅದೇ ಕೊನೆ. ಮಳೆಗಾಲದಲ್ಲಿ ಅಲ್ಲಿಯವರೆಗೆ ಕಾಯುವುದೂ ಬೇಡ. ಪಕ್ಕದ ಗೋಡೆಯಲ್ಲಿ ಗುಳ್ಳೆಯಂತೆ ಊದಿಕೊಂಡಿದ್ದರೆ ಆ ಟೈರ್ ಮುಗಿಯಿತು, ರಿಪೇರಿ ಮಾತೇ ಇಲ್ಲ. ವಯಸ್ಸೂ ಅಲ್ಲೇ ಬರೆದಿದೆ: ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. 2319 ಅಂದರೆ 2019ರ 23ನೇ ವಾರ. ಗೆರೆ ಚೆನ್ನಾಗಿದ್ದರೂ ಐದಾರು ವರ್ಷ ದಾಟಿದ್ದರೆ ಟೈರ್ ಅಂಗಡಿಯವರಿಗೆ ಒಮ್ಮೆ ತೋರಿಸಿ.

ಇಳಿಯುವುದಕ್ಕೆ ಬ್ರೇಕ್

ಬಾನೆಟ್ ಎತ್ತಿದರೆ ಡ್ರೈವರ್ ಬದಿಗೆ ಒಂದು ಸಣ್ಣ ಡಬ್ಬಿ ಕಾಣುತ್ತದೆ. ಅದರಲ್ಲಿರುವುದು ಬ್ರೇಕ್ ಆಯಿಲ್. ಮಟ್ಟ ಕೆಳಗಿನ ಗೆರೆಯ ಹತ್ತಿರ ಇದ್ದರೆ ಸುಮ್ನೆ ಮೇಲಿನಿಂದ ತುಂಬಿಸಿ ಬಿಡಬೇಡಿ. ಬ್ರೇಕ್ ಪ್ಯಾಡ್ ಸವೆದಿದೆ, ಇಲ್ಲವೇ ಎಲ್ಲೋ ಸೋರುತ್ತಿದೆ. ಎರಡಕ್ಕೂ ಮೆಕ್ಯಾನಿಕ್ ಬೇಕು.

ಮಟ್ಟ ಸರಿಯಿದ್ದರೂ ಅದು ಎಷ್ಟು ಹಳೆಯದು ಎಂದು ಕೇಳಿಕೊಳ್ಳಿ. ಈ ಆಯಿಲ್ ಗಾಳಿಯಲ್ಲಿನ ತೇವ ಹೀರಿಕೊಳ್ಳುತ್ತದೆ. ಡಾಟ್ 4 ಎಂಬ ದರ್ಜೆಯ ಹೊಸ ಬ್ರೇಕ್ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದೆ ತಡೆಯಬೇಕು ಎಂಬುದು ನಿಯಮ. ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಘಾಟಿಯಲ್ಲಿ ಬ್ರೇಕ್ ಒತ್ತಿಕೊಂಡೇ ಇಳಿದರೆ ಚಕ್ರದ ಹತ್ತಿರ ಇಂಥ ಬಿಸಿ ಏಳುವುದು ದೊಡ್ಡ ಮಾತಲ್ಲ. ಆಯಿಲ್ ಕುದ್ದು ಆವಿಯಾದರೆ ಪೆಡಲ್ ಹತ್ತಿ ಒತ್ತಿದಂತೆ ಒಳಗೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಎರಡು ವರ್ಷ ಆಗಿದ್ದರೆ ಬದಲಾಯಿಸಿಬಿಡಿ.

ಆಮೇಲೆ ಖಾಲಿ ರಸ್ತೆಯಲ್ಲಿ ಒಂದು ಸುತ್ತು. ಬ್ರೇಕ್ ಹಾಕಿದಾಗ ಕೀರಲು ಸದ್ದು ಬಂದರೆ, ಗಾಡಿ ಒಂದು ಬದಿಗೆ ಎಳೆದರೆ, ಸ್ಟೀರಿಂಗ್ ನಡುಗಿದರೆ ಗ್ಯಾರೇಜಿಗೆ ಹೋಗಿ. ಎಲ್ಲ ಸರಿಯಿದ್ದರೂ ಘಾಟಿಯಲ್ಲಿ ಎರಡನೇ ಅಥವಾ ಮೂರನೇ ಗೇರಿನಲ್ಲೇ ಇಳಿಯಿರಿ. ನ್ಯೂಟ್ರಲ್‌ಗೆ ಹಾಕಿ ಪೆಟ್ರೋಲ್ ಉಳಿಸುವ ಹಳೇ ಚಾಳಿ ಮಾತ್ರ ಬೇಡವೇ ಬೇಡ.

ಏರುವುದಕ್ಕೆ ಕೂಲಂಟ್

ವಾಪಸ್ ಬರುವಾಗ ಗ್ಯಾಸ್ ಟ್ಯಾಂಕರ್‌ಗಳ ಹಿಂದೆ ಮೊದಲ, ಎರಡನೇ ಗೇರಿನಲ್ಲಿ ತೆವಳಬೇಕಾಗುತ್ತದೆ. ಎಂಜಿನ್ ದುಡಿಯುತ್ತಿರುತ್ತದೆ, ಎದುರಿನಿಂದ ಗಾಳಿ ಬರುವುದಿಲ್ಲ. ರೇಡಿಯೇಟರ್ ಫ್ಯಾನ್ ಒಂದೇ ಗತಿ. ಹಾಗಾಗಿ ಫ್ಯಾನ್ ತಿರುಗುತ್ತದೆಯೇ ಎಂದು ಮನೆಯಲ್ಲೇ ನೋಡಿ. ಎಸಿ ಹಾಕಿ, ಬಾನೆಟ್ ಎತ್ತಿ, ಸ್ವಲ್ಪ ಹೊತ್ತು ಕಾಯಿರಿ. ಕೈ ಮಾತ್ರ ದೂರ ಇರಲಿ.

ಕೂಲಂಟ್, ಅಂದರೆ ಎಂಜಿನ್ ತಂಪಾಗಿಡುವ ದ್ರವ, ಪ್ಲಾಸ್ಟಿಕ್ ಡಬ್ಬಿಯ ಎರಡು ಗೆರೆಗಳ ನಡುವೆ ಇರಬೇಕು. ಕಡಿಮೆಯಿದ್ದರೆ ಕಂಪನಿಯ ಪುಸ್ತಕದಲ್ಲಿ ಹೇಳಿದ್ದನ್ನೇ ಹಾಕಿ. ಬಣ್ಣ ಒಂದೇ ಎಂದು ಸಿಕ್ಕಿದ್ದನ್ನು ಬೆರೆಸಬೇಡಿ. ಬರೀ ನಲ್ಲಿ ನೀರು ಹಾಕುತ್ತ ಹೋದರೆ ಒಳಗೆ ತುಕ್ಕು. ವಾರದಲ್ಲಿ ಮತ್ತೆ ಮಟ್ಟ ಇಳಿದರೆ ಸೋರಿಕೆ ಇದೆ. ನಾನು ಒಂದು ವಾರ ಮೊದಲು ಎಂದದ್ದು ಇದಕ್ಕೂ ಸೇರಿ. ಎಂಜಿನ್ ಬಿಸಿಯಿರುವಾಗ ರೇಡಿಯೇಟರ್ ಅಥವಾ ಕೂಲಂಟ್ ಡಬ್ಬಿಯ ಮುಚ್ಚಳ ಯಾವತ್ತೂ ತಿರುಗಿಸಬೇಡಿ. ಒತ್ತಡದಲ್ಲಿರುವ ಕುದಿನೀರು ಮುಖಕ್ಕೇ ಚಿಮ್ಮುತ್ತದೆ. ದಾರಿಯಲ್ಲಿ ಎಂಜಿನ್ ಬಿಸಿ ತೋರಿಸುವ ಮುಳ್ಳು ಮೇಲೇರಿದರೆ ಎಸಿ ಆರಿಸಿ, ಬದಿಗೆ ನಿಲ್ಲಿಸಿ, ಅರ್ಧ ಗಂಟೆಯಾದರೂ ಆರಲು ಬಿಡಿ.

ಅಲ್ಲೇ ಎಂಜಿನ್ ಆಯಿಲನ್ನೂ ನೋಡಿಬಿಡಿ. ಕಡ್ಡಿ ಎಳೆದು ಒರೆಸಿ, ಮತ್ತೆ ಅದ್ದಿ ತೆಗೆದರೆ ಮಟ್ಟ ಗೊತ್ತಾಗುತ್ತದೆ.

ಬ್ಯಾಟರಿ ಮತ್ತು ಚಿಲ್ಲರೆ ವಿಷಯ

ಬೆಳಿಗ್ಗೆ ಸೆಲ್ಫ್ ಹೊಡೆದಾಗ ಎಂಜಿನ್ ಎಳೆದೆಳೆದು ಸ್ಟಾರ್ಟ್ ಆದರೆ ಬ್ಯಾಟರಿ ಕೈಕೊಡುವ ದಿನ ಹತ್ತಿರ ಇದೆ. ಮೀಟರ್ ಇಟ್ಟು ನೋಡಿದರೆ ರಾತ್ರಿಯಿಡೀ ನಿಂತ ಗಾಡಿಯಲ್ಲಿ ಸುಮಾರು 12.6 ವೋಲ್ಟ್ ಇರಬೇಕು. 12.2 ಅಂದರೆ ಅರ್ಧ ಖಾಲಿ. ಮೂರ‍್ನಾಲ್ಕು ವರ್ಷದ ಬ್ಯಾಟರಿ ಆಗಿದ್ದರೆ ಅಂಗಡಿಯಲ್ಲಿ ಪರೀಕ್ಷೆ ಮಾಡಿಸಿ. ಆಟೊಮ್ಯಾಟಿಕ್ ಗಾಡಿಯವರು ಇದನ್ನು ಮರೆಯಲೇಬಾರದು, ತಳ್ಳಿ ಸ್ಟಾರ್ಟ್ ಮಾಡುವ ದಾರಿ ನಿಮಗಿಲ್ಲ ಅಲ್ವಾ?

ಲೈಟುಗಳಿಗೆ ಗೋಡೆ ಮುಂದೆ ಗಾಡಿ ನಿಲ್ಲಿಸಿದರೆ ಸಾಕು. ಬ್ರೇಕ್ ಲೈಟ್ ನೋಡಲು ಮಕ್ಕಳನ್ನು ಹಿಂದೆ ನಿಲ್ಲಿಸಿಕೊಳ್ಳಿ. ವೈಪರ್ ರಬ್ಬರ್ ಗೆರೆ ಬಿಡುತ್ತಿದ್ದರೆ ಹೊಸದು ಹಾಕಿಸಿ. ಬೇಸ್‌ಮೆಂಟಿನಲ್ಲಿ ಬಹಳ ದಿನ ನಿಂತ ಗಾಡಿಯಾದರೆ ಇಲಿ ವೈರ್ ಕಡಿದಿದೆಯೇ ಎಂದು ಟಾರ್ಚ್ ಬಿಟ್ಟು ನೋಡಿ.

ಜಾಕಿ, ವೀಲ್ ಸ್ಪ್ಯಾನರ್, ಕೆಂಪು ತ್ರಿಕೋನ, ಜಂಪರ್ ಕೇಬಲ್ ಲಗೇಜಿನ ತಳಕ್ಕೆ ಸೇರದಿರಲಿ. ಡಿಎಲ್, ಆರ್‌ಸಿ, ಇನ್ಶೂರೆನ್ಸ್, ಹೊಗೆ ತಪಾಸಣೆ ಪತ್ರ ಡಿಜಿಲಾಕರ್‌ನಲ್ಲಿದ್ದರೂ ನಡೆಯುತ್ತದೆ, ಆದರೆ ಗಡುವು ಮುಗಿದಿರಬಾರದು. ಫಾಸ್ಟ್ಯಾಗ್‌ನಲ್ಲಿ ದುಡ್ಡಿರಲಿ. ರಾಷ್ಟ್ರೀಯ ಹೆದ್ದಾರಿಯಲ್ಲಿ ಗಾಡಿ ಕೆಟ್ಟರೆ 1033, ತುರ್ತು ಇದ್ದರೆ 112. ಮಳೆಗಾಲದಲ್ಲಿ ಗುಡ್ಡ ಕುಸಿದು ಶಿರಾಡಿ ಬಂದ್ ಆಗುವುದುಂಟು, ಹೊರಡುವ ಮೊದಲು ವಿಚಾರಿಸಿಕೊಳ್ಳಿ.

ಇನ್ನೊಂದೇ ಕೆಲಸ. ಹಿಂದಿನ ರಾತ್ರಿ ಎಂಜಿನ್ ಕೆಳಗೆ ನೆಲದ ಮೇಲೆ ಹಳೇ ಪೇಪರ್ ಹಾಸಿಡಿ. ಈ ಪುರವಣಿಯಾದರೂ ನನಗೆ ಬೇಸರವಿಲ್ಲ. ಬೆಳಿಗ್ಗೆ ಅದರ ಮೇಲೆ ಕಪ್ಪು ಅಥವಾ ಕಂದು ಕಲೆ ಇದ್ದರೆ ಆಯಿಲ್, ಹಸಿರೋ ಗುಲಾಬಿಯೋ ಇದ್ದರೆ ಕೂಲಂಟ್. ಆಗ ಹೊರಡಬೇಡಿ, ಮೆಕ್ಯಾನಿಕ್‌ಗೆ ಫೋನ್ ಮಾಡಿ. ಬಣ್ಣವಿಲ್ಲದ, ಜಿಡ್ಡಿಲ್ಲದ ನೀರಿನ ಗುರುತಾದರೆ ಅದು ನಿನ್ನೆ ಸಂಜೆ ಎಸಿಯಿಂದ ತೊಟ್ಟಿಕ್ಕಿದ್ದು. ಪೇಪರ್ ಮಡಚಿಡಿ, ಹೊರಡಿ.