ಉಕ್ರೇನಿನ ಹಸಿರು ಪಕ್ಷದ ಚರಿತ್ರೆಯನ್ನು ನಾನು ಬರೆದ ಬಗೆ

ಉಕ್ರೇನಿನ ಹಸಿರು ಪಕ್ಷದ ಬಗ್ಗೆ ಕನ್ನಡದಲ್ಲಿ ವಿಶ್ವಕೋಶ ಮಾದರಿಯ ಲೇಖನವೊಂದನ್ನು ಸಿದ್ಧಪಡಿಸುವಾಗ, ಪಕ್ಷದ ಪ್ರಣಾಳಿಕೆಗಳನ್ನು ಬದಿಗಿಟ್ಟು ಚುನಾವಣಾ ಫಲಿತಾಂಶದ ಕೋಷ್ಟಕಗಳನ್ನೇ ಮೊದಲು ಕೈಗೆತ್ತಿಕೊಂಡೆ. ಸಣ್ಣ ಪಕ್ಷಗಳು ತಮ್ಮ ಬಗ್ಗೆ ತಾವೇ ಬರೆದುಕೊಳ್ಳುವ ಚರಿತ್ರೆಯಲ್ಲಿ ಸೋಲುಗಳಿಗೆ ಜಾಗ ಕಡಿಮೆ. ಕೋಷ್ಟಕ ಹೇಳಿದ್ದಿಷ್ಟು: 1994ರಲ್ಲಿ ಸಂಸತ್ತಿನಲ್ಲಿ ಒಂದೂ ಸ್ಥಾನವಿಲ್ಲ, 1998ರಲ್ಲಿ ಶೇ. 5.4 ಮತಗಳೊಂದಿಗೆ 19 ಸ್ಥಾನ, 2002ರಲ್ಲಿ ಶೇ. 1.3, 2006ರಲ್ಲಿ ಶೇ. 0.5ರ ಆಸುಪಾಸು.

ಈ ಏರಿಳಿತದಲ್ಲಿ ಚುನಾವಣಾ ನಿಯಮದ ಪಾಲು ದೊಡ್ಡದು. 1994ರಲ್ಲಿ ಎಲ್ಲ 450 ಸ್ಥಾನಗಳಿಗೂ ಕ್ಷೇತ್ರವಾರು ಚುನಾವಣೆ ನಡೆದಿತ್ತು. 1998ರಲ್ಲಿ ಅರ್ಧದಷ್ಟು, ಅಂದರೆ 225 ಸ್ಥಾನಗಳನ್ನು, ದೇಶದಾದ್ಯಂತ ಶೇ. 4ಕ್ಕಿಂತ ಹೆಚ್ಚು ಮತ ಪಡೆದ ಪಕ್ಷಗಳ ಅಭ್ಯರ್ಥಿ ಪಟ್ಟಿಗಳಿಗೆ, ಮತಗಳ ಪ್ರಮಾಣಕ್ಕೆ ತಕ್ಕಂತೆ ಹಂಚಲಾಯಿತು. ಹಸಿರು ಪಕ್ಷದ 19 ಸ್ಥಾನಗಳೂ ಆ ಪಟ್ಟಿಯಿಂದಲೇ ಬಂದವು. ಇದನ್ನು ವಿವರಿಸದಿದ್ದರೆ, ಕ್ಷೇತ್ರವಾರು ಚುನಾವಣೆಯನ್ನಷ್ಟೇ ಬಲ್ಲ ನಮ್ಮ ಓದುಗರಿಗೆ ಆ ಗೆಲುವು ದಿಢೀರ್ ಜನಪ್ರಿಯತೆಯಂತೆ ತೋರುತ್ತದೆ.

ಆಮೇಲೆ ಒಂದು ಹಾಳೆಯನ್ನು ಎರಡು ಅಂಕಣಗಳಾಗಿ ಮಾಡಿ, ಎಡಕ್ಕೆ ಚಳವಳಿಯನ್ನೂ ಬಲಕ್ಕೆ ಪಕ್ಷವನ್ನೂ ಬರೆಯುತ್ತಾ ಹೋದೆ. ಎಡಗಡೆ 1986ರ ಏಪ್ರಿಲ್ 26ರ ಚೆರ್ನೋಬಿಲ್ ದುರಂತ, 1987ರಲ್ಲಿ ಹುಟ್ಟಿದ 'ಜೆಲೆನಿ ಸ್ವಿತ್' ಎಂಬ ಪರಿಸರ ಸಂಘಟನೆ, 1989ರಲ್ಲಿ ಕೈಬಿಟ್ಟ ಕ್ರಿಮಿಯಾದ ಅಣುಸ್ಥಾವರ, ಹೊಸ ರಿಯಾಕ್ಟರುಗಳ ನಿರ್ಮಾಣಕ್ಕೆ 1990ರ ಆಗಸ್ಟಿನಲ್ಲಿ ಸಂಸತ್ತು ಹಾಕಿದ ತಡೆ. ಬಲಗಡೆ ಆ ಹೊತ್ತಿಗೆ ಬರೆಯುವುದಕ್ಕೆ ಏನೂ ಇರಲಿಲ್ಲವೆಂದೇ ಹೇಳಬೇಕು: ವೈದ್ಯರೂ ಲೇಖಕರೂ ಆಗಿದ್ದು, ಚೆರ್ನೋಬಿಲ್ಲಿನಲ್ಲಿ ನೊಂದವರ ಮಾತುಗಳನ್ನು ದಾಖಲಿಸಿದ ಯೂರಿ ಶ್ಚೆರ್ಬಾಕ್ ಅವರ ನೇತೃತ್ವದಲ್ಲಿ ಪಕ್ಷ ರೂಪುಗೊಂಡದ್ದು 1990ರಲ್ಲಿ, ನೋಂದಣಿಯಾದದ್ದು 1991ರಲ್ಲಿ. ವಿದ್ಯುತ್ ಕೊರತೆಯಿಂದ ಕಂಗೆಟ್ಟ ಸಂಸತ್ತು 1993ರಲ್ಲಿ ಆ ತಡೆಯನ್ನು ತೆರವುಗೊಳಿಸಿತು. ಹೀಗೆ ಚಳವಳಿಯ ಅತಿ ದೊಡ್ಡ ಗೆಲುವು ಪಕ್ಷಕ್ಕೂ ಮುಂಚಿನದು, ಪಕ್ಷದ ಅತಿ ದೊಡ್ಡ ಗೆಲುವು ಚಳವಳಿಯ ಉಬ್ಬರ ಇಳಿದ ಮೇಲಿನದು. ಇವೆರಡನ್ನೂ ಒಂದೇ ಕಥೆಯಾಗಿ ಹೆಣೆಯುವುದು ಚೆರ್ನೋಬಿಲ್ಲಿನ ನಂತರ ಬೀದಿಗಿಳಿದ ಜನರಿಗೆ ಮಾಡುವ ಅನ್ಯಾಯವೆಂದು ನಾನು ನಂಬುತ್ತೇನೆ.

1998ರ ಗೆಲುವನ್ನು ಅರ್ಥಮಾಡಿಕೊಳ್ಳಲು ಅಭ್ಯರ್ಥಿಗಳ ಪಟ್ಟಿಯನ್ನು ಹೆಸರು ಹೆಸರಾಗಿ ನೋಡಬೇಕಾಯಿತು. ವಿತಾಲಿ ಕೊನೊನೊವ್ ನಾಯಕರಾಗಿದ್ದ ಆ ಪಟ್ಟಿಯಿಂದ ವಸಿಲ್ ಖ್ಮೆಲ್ನಿತ್ಸ್ಕಿಯಂಥ ಉದ್ಯಮಿಗಳೂ ಗೆದ್ದು ಬಂದರು. ಪ್ರಚಾರ ಬಹುಮಟ್ಟಿಗೆ ಟಿವಿ ಜಾಹೀರಾತುಗಳ ಮೂಲಕ ನಡೆಯಿತು. ಪಕ್ಷಗಳ ಜಗಳದಿಂದ ಬೇಸತ್ತ ಮತದಾರನಿಗೆ ಪರಿಸರವೆಂಬ ನಿರ್ವಿವಾದದ ವಿಷಯ ಹಿಡಿಸಿದ್ದರೂ, ಆ ಮತವನ್ನು ಮುಂದೆ ಉಳಿಸಿಕೊಳ್ಳಬಲ್ಲ ಸ್ಥಳೀಯ ಘಟಕಗಳು ಗಟ್ಟಿಯಾಗಿರಲಿಲ್ಲವೆಂಬುದು ನನ್ನ ತೀರ್ಮಾನ. 2006ರಲ್ಲಿ ಎಲ್ಲ ಸ್ಥಾನಗಳೂ ಪಟ್ಟಿಗೇ ಮೀಸಲಾಗಿ, ಸ್ಥಾನ ಪಡೆಯಲು ಬೇಕಾದ ಮತದ ಮಿತಿ ಶೇ. 3ಕ್ಕೆ ಇಳಿದರೂ ಪಕ್ಷ ಮೇಲೇಳದೆ ಹೋದದ್ದು ಈ ತೀರ್ಮಾನವನ್ನು ಬಲಪಡಿಸಿತು.

ಕೊನೆಗೆ 'ಜೆಲೆನಿ ಸ್ವಿತ್' ಸಂಘಟನೆಗೆ ಪ್ರತ್ಯೇಕ ಲೇಖನವನ್ನೇ ಬರೆದು, ಪಕ್ಷದ ಲೇಖನವನ್ನು 1990ರಿಂದ ಆರಂಭಿಸಿದೆ. ಆ 19 ಮಂದಿ ಮುಂದೆ ಯಾವ ಯಾವ ಬಣಗಳಿಗೆ ಹೋದರೆಂಬುದನ್ನು ಒಬ್ಬೊಬ್ಬರದಾಗಿ ಗುರುತಿಸುವ ಕೆಲಸವನ್ನು ಈಗ ಮಾಡುತ್ತಿದ್ದೇನೆ.