ಡೈನಲ್ಲಿ ಕೇಸ್ ಕಚ್ಚಿಕೊಂಡರೆ
ಹಾರಿಸಿದ ತೋಟಾವನ್ನು ಮತ್ತೆ ತುಂಬಿಸುವಾಗ, ರೈಫಲ್ ಕೇಸಿಗೆ (ತೋಟಾದ ಹಿತ್ತಾಳೆ ಕವಚ) ಲೂಬ್ (ಜಾರಿಕೆಯ ಎಣ್ಣೆ) ಸವರದೆ ಸೈಜಿಂಗ್ ಡೈಗೆ (ಕೇಸನ್ನು ಮೊದಲಿನ ಅಳತೆಗೆ ಒತ್ತುವ ಅಚ್ಚು) ತಳ್ಳಿದರೆ ಹಿತ್ತಾಳೆ ಒಳಗೇ ಕಚ್ಚಿಕೊಳ್ಳುತ್ತದೆ. ಪ್ರೆಸ್ಸಿನ ಹಿಡಿಯನ್ನು ಜಗ್ಗಬೇಡಿ, ಕೇಸಿನ ಬುಡ ಹಿಡಿದಿರುವ ಶೆಲ್ ಹೋಲ್ಡರ್ ಅದರ ಅಂಚನ್ನೇ (ರಿಮ್) ಹರಿದುಹಾಕುತ್ತದೆ.

ಹರಿದೇ ಹೋಯಿತೆನ್ನಿ. ಡೈ ಬಿಚ್ಚಿ, ಬುಡ ನೋಡಿ: ಸಿಡಿಯದ ಪ್ರೈಮರ್ (ಮದ್ದಿಗೆ ಕಿಡಿ ಹೊತ್ತಿಸುವ ಪುಟ್ಟ ಬಟ್ಟಲು) ಇದ್ದರೆ ಕೊರೆಯಲೇಬೇಡಿ. ಇಲ್ಲವಾದರೆ ಕನ್ನಡಕ ಹಾಕಿಕೊಂಡು, ಡಿಕ್ಯಾಪಿಂಗ್ ಕಡ್ಡಿಯನ್ನು (ಹಳೆಯ ಪ್ರೈಮರ್ ಹೊರತಳ್ಳುವ, ಡೈನೊಳಗಿನ ಕಡ್ಡಿ) ಆದಷ್ಟು ಮೇಲಕ್ಕೆ ತಿರುಗಿಸಿ. ಬಿಟ್ಟರೆ ಡ್ರಿಲ್ ಅದನ್ನೂ ತಿನ್ನುತ್ತದೆ. ಪ್ರೈಮರ್ ಗುಳಿಯಲ್ಲಿ 7ನೇ ನಂಬರ್ ಬಿಟ್‌ನಿಂದ ಕೊರೆದು, 1/4-20 ಟ್ಯಾಪ್ (ಬೋಲ್ಟಿಗೆ ತಿರುಪು ಕೊರೆಯುವ ಉಪಕರಣ) ಹಾಕಿ. ಕೇಸಿನ ಬುಡಕ್ಕಿಂತ ಅಗಲವಾದ ಸಾಕೆಟ್ ಕೂರಿಸಿ, ವಾಷರ್ ಸಮೇತ ಬೋಲ್ಟ್ ಬಿಗಿಯುತ್ತ ಹೋಗಿ. ಕೇಸ್ ಕಿರುಗುಟ್ಟುತ್ತ ಹೊರಬರುತ್ತದೆ.

ಹಾಗಂತ ಲೂಬ್ ಸುರಿಯುವುದೂ ಬೇಡ, ಕೇಸಿನ ಭುಜ (ಕುತ್ತಿಗೆಯತ್ತ ಕಿರಿದಾಗುವ ಭಾಗ) ತಗ್ಗುಬೀಳುತ್ತದೆ.

ಡಿಕ್ಯಾಪಿಂಗ್ ಕಡ್ಡಿಯ ಪಿನ್ ಪದೇಪದೇ ಮುರಿಯುತ್ತಿದೆಯೇ? ಟಾರ್ಚ್ ಹಿಡಿದು ಕೇಸಿನೊಳಗೆ ಇಣುಕಿ. ನಡುವೆ ಒಂದರ ಬದಲು ಪಕ್ಕದಲ್ಲಿ ಎರಡು ತೂತು ಕಂಡರೆ ಅದು ಬರ್ಡನ್ ಕೇಸ್ (ಈ ಪಿನ್ನಿಗೆ ಹೊಂದದ ಬಗೆ), ಪಕ್ಕಕ್ಕಿಡಿ.